ಮಟ್ಟ ಮಾಡಿದ ಮಣ್ಣು

ನಮ್ಮ ಭಾವ ಕುಬೇರಪ್ಪನಂಥ ಮೊಂಡ ಆವರಗೆರೆಯಲ್ಲಿ ಇನ್ನೊಬ್ಬನಿಲ್ಲ. ನನಗಿಂತ ಎರಡೇ ವರ್ಷ ದೊಡ್ಡವ, ಹಾಗಾಗಿ ಏಕವಚನವೇ. ನಮ್ಮಕ್ಕ ಭೀಮವ್ವ ಅವನ ಜೊತೆ ಹೇಗೆ ಬಾಳಿದಳೋ ದೇವರಿಗೇ ಗೊತ್ತು. ಹಗಲೆಲ್ಲ ಮಂಡಿಪೇಟೆಯಲ್ಲಿ ಮೂಟೆ ಹೊರುವುದು, ಉಳಿದ ಹೊತ್ತೆಲ್ಲ ಊರ ಗರಡಿಮನೆ. ನಲವತ್ತು ವರ್ಷ ಅಲ್ಲಿನ ಕೆಮ್ಮಣ್ಣಿಗೆ ಮಜ್ಜಿಗೆ, ಅರಿಶಿನ, ಎಣ್ಣೆ ಹಾಕಿ ಹದ ಮಾಡಿದ. ಮನೆಯ ಸಾರಿಗೆ ಒಗ್ಗರಣೆ ಇಲ್ಲದ ದಿನವೂ ಆ ಮಣ್ಣಿಗೆ ಎಣ್ಣೆ ತಪ್ಪಲಿಲ್ಲ.

ಊರಿಗೆ ಬೇರೆ ಮೋಜಾದರೂ ಏನಿತ್ತು? ಸಂಜೆಯಾದರೆ ಎಲ್ಲರೂ ಅಲ್ಲೇ. ನನ್ನನ್ನೂ ಭಾವ ಎಷ್ಟೋ ಸಲ ಚಿತ್ ಮಾಡಿ ನಕ್ಕಿದ್ದಾನೆ. ಈಗ ಹುಡುಗರೆಲ್ಲ ಸರಸ್ವತಿ ನಗರದ ಜಿಮ್ಮಿಗೆ ಹೋಗುತ್ತಾರೆ. ಗರಡಿ ಕೆಡವಿ ಮಳಿಗೆ ಕಟ್ಟುವ ಮಾತು ಪಾಲಿಕೆಯಲ್ಲಿ ಬಂತು. ಭಾವ ಅರ್ಜಿ ಮೇಲೆ ಅರ್ಜಿ ಕೊಟ್ಟ. ಕೊನೆಗೆ ಅಧಿಕಾರಿಯೊಬ್ಬರು ಬಂದು ನೋಡುವುದೆಂದಾಯಿತು. ಕುಸ್ತಿ ನಡೆಯುತ್ತಿದ್ದರೆ ಗರಡಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಭಾವ ಎಂಟು ದಿನ ಮನೆಮನೆ ಅಲೆದು, ಕೈಕಾಲು ಹಿಡಿದು, ಮಾಲತೇಶ್, ಶ್ರೀನಿವಾಸ ಎಂಬ ಇಬ್ಬರು ಹುಡುಗರನ್ನು ಆ ದಿನದ ಕುಸ್ತಿಗೆ ಒಪ್ಪಿಸಿದ. ಬೆಳಿಗ್ಗೆ ಎಂಟಕ್ಕೆ ಸಾಹೇಬರನ್ನು ನನ್ನ ಬೈಕಿನಲ್ಲಿ ಕರೆತರುವ ಕೆಲಸ ನನ್ನದು. ನಾನೊಬ್ಬ ಮುಠ್ಠಾಳ. ಅವರಿಗೆ ಖುಷಿಯಾಗಲಿ ಎಂದು ದಾರಿಯಲ್ಲಿ ಬೆಣ್ಣೆದೋಸೆಗೆ ಕೂರಿಸಿದೆ. ಮುಟ್ಟುವಾಗ ಹತ್ತು ಗಂಟೆ. ಹುಡುಗರು ಕಾದು ಕಾದು, ಒಂದು ಸುತ್ತು ಕುಸ್ತಿಯಾಡಿ, ಹರಿಹರಕ್ಕೆ ಡ್ಯೂಟಿಗೆ ಹೋಗಿಬಿಟ್ಟಿದ್ದರು.

ಕುಸ್ತಿ ಮುಗಿದ ಕೂಡಲೇ ಮಣ್ಣು ಮಟ್ಟ ಮಾಡುವುದು ಗರಡಿಯ ರೂಢಿ. ಅದರಲ್ಲೂ ದೊಡ್ಡವರು ಬರುವ ದಿನ. ಭಾವ ಹಲಗೆ ಎಳೆದು, ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚಿ ಕೈಮುಗಿದು ನಿಂತಿದ್ದ.

ಸಾಹೇಬರು ಬಾಗಿಲಲ್ಲೇ ಬಗ್ಗಿ ನೋಡಿದರು. “ಒಂದು ಹೆಜ್ಜೆ ಗುರುತೂ ಇಲ್ಲವಲ್ಲ ಯಜಮಾನ್ರೆ. ಇಲ್ಲಿ ಯಾರು ಆಡ್ತಾರೆ?”

“ಈಗಷ್ಟೇ ಆಡಿ ಹೋದ್ರು ಸಾಹೇಬ್ರೆ. ನಾನೇ ಹಸನು ಮಾಡೀನಿ. ಕೂಡ್ರಿ, ಸಂಜಿಗೆ ಬರ್ತಾರ.”

“ತಡ ಆಗಿದ್ದು ನನ್ನಿಂದ ಸರ್,” ಎಂದೆ. ಅವರು ನುಣ್ಣನೆಯ ಮಣ್ಣಿನ ಫೋಟೊ ತೆಗೆದು, ‘ಬಳಕೆಯಲ್ಲಿಲ್ಲ’ ಎಂದು ಬರೆದುಕೊಂಡು ಬೈಕಿನ ಕಡೆ ನಡೆದರು.

ಭಾವ ಅಂಗಿ ಕಿತ್ತೆಸೆದು ಮಣ್ಣಿಗಿಳಿದ. ಅರವತ್ತಾರರ ಮುದುಕ ತೊಡೆ ತಟ್ಟಿದ, ಬಿದ್ದ, ಹೊರಳಾಡಿದ, ನನ್ನನ್ನೂ ಕರೆದ. “ಬಕ್ಕೇಶ, ಇಳಿಯೋ. ಒಂದು ಪಟ್ಟು ಹಿಡಿ ಸಾಕು, ಗುರುತು ಬೀಳ್ಲಿ. ಸಾಹೇಬ್ರೆ, ತಿರುಗಿ ನೋಡ್ರಿ.”

ಸಾಹೇಬರು ಗಡಿಯಾರ ನೋಡುತ್ತಿದ್ದರು. ನಾನು ಇಳಿಯಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಹೋಗಿ ಗಾಡಿ ಚಾಲೂ ಮಾಡಿದೆ.

ಅವರನ್ನು ಬಿಟ್ಟು ಬಂದಾಗ ಭಾವ ಮೈತುಂಬ ಮಣ್ಣು ಮೆತ್ತಿಕೊಂಡು ಹಲಗೆ ಎಳೆಯುತ್ತಿದ್ದ. ಮಣ್ಣು ಮತ್ತೆ ಮಟ್ಟವಾಗಿತ್ತು.

“ಕೆದರಿದ್ದು ಹಂಗೇ ಬಿಡಾಕ ಕೈ ಬರವಲ್ದೋ ಬಕ್ಕೇಶ,” ಎಂದು ಅತ್ತ.