ಅಲ್ಲಿವರೆಗಿನ ಕನ್ನಡಕ

ನಮ್ಮ ಚಿಕ್ಕಪ್ಪನ ಕನ್ನಡಕದಂಗಡಿಯಲ್ಲಿ ಕಾಯುವುದು ನಿಷಿದ್ಧ. ಗಾಜು ಉಜ್ಜಿ ಫ್ರೇಮಿಗೆ ಕೂರಿಸಲು ಕೆಲವು ದಿನ ಹಿಡಿಯುತ್ತದೆ, ನಿಜ. ಆದರೆ ಅಷ್ಟು ದಿನ ಗಿರಾಕಿ ತಡವರಿಸಿಕೊಂಡು ಓಡಾಡುವುದನ್ನು ಅವರು ಸಹಿಸುವುದಿಲ್ಲ. ಅದಕ್ಕೇ ಕೌಂಟರಿನ ಕೆಳಗೆ ಒಂದು ತಗಡಿನ ಡಬ್ಬ ಇಟ್ಟಿದ್ದಾರೆ. ಅದರ ತುಂಬ ಬಗೆಬಗೆಯ ನಂಬರಿನ ಹಳೆಯ ಕನ್ನಡಕಗಳು. ಹೆಚ್ಚುಕಡಿಮೆ ಹೊಂದುವುದೊಂದನ್ನು ಹುಡುಕಿ ಗಿರಾಕಿಯ ಮೂಗಿನ ಮೇಲೆ ಕೂರಿಸಿ, "ಒಳ್ಳೇದು ಬರೋವರೆಗೆ ಇದನ್ನ ಹಾಕ್ಕೊಂಡಿರಿ" ಎಂದು ಕಳಿಸುತ್ತಾರೆ. ಮರೆಯದೆ ವಾಪಸ್ ಕೊಡಲಿ ಎಂದು ಪ್ರತಿಯೊಂದರ ಕಡ್ಡಿಗೂ ಉಗುರುಬಣ್ಣದ ಒಂದು ಕೆಂಪು ಚುಕ್ಕೆ. ನಮ್ಮ ಬೀದಿಯಲ್ಲಿ ಅವಕ್ಕೆ ಅಲ್ಲಿವರೆಗಿನ ಕನ್ನಡಕ ಎಂದೇ ಹೆಸರು.

"ಮುಂದಿನ ವರ್ಷ ನಂಬರ್ ಬದಲಾಗುತ್ತಂತೆ, ಆಗಲೇ ಮಾಡಿಸಿದ್ರೆ ಆಗಲ್ವಾ?" ಎಂದು ಯಾರಾದರೂ ಬಾಯಿ ತಪ್ಪಿ ಕೇಳಿದರೆ ಅವರ ಕಥೆ ಮುಗಿಯಿತು. "ಅಲ್ಲಿವರೆಗೆ ಏನ್ ಮಾಡ್ತೀರಿ? ಕಣ್ಣು ಮುಚ್ಕೊಂಡು ಕೂತಿರ್ತೀರಾ?" ಎಂದು ಚಿಕ್ಕಪ್ಪ ಶುರು ಮಾಡುತ್ತಾರೆ. ಅಲ್ಲೇ ಕೂತು ಬಿಲ್ಲು ಬರೆಯುವ ನನಗೆ ಈ ಭಾಷಣ ಕೇಳಿ ಕೇಳಿ ಸಾಕಾಗಿ ಹೋಗಿದೆ.

ಇಂಥ ಮನುಷ್ಯ ಕಟ್ಟಿಕೊಂಡ ಹೆಂಡತಿಗೆ ಒಂದು ಟ್ಯಾಬ್ ಕೊಡಿಸಲು ಮೀನಮೇಷ ಎಣಿಸಿದರು ಎಂದರೆ ನಂಬುತ್ತೀರಾ? ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಆಮೇಲೆ ನಗು ಬರುತ್ತದೆ.

ಚಿಕ್ಕಮ್ಮನಿಗೆ ಪತ್ತೇದಾರಿ ಕಾದಂಬರಿಯ ಹುಚ್ಚು. ಪತ್ತೇದಾರನಿಗಿಂತ ಮೊದಲೇ ಕೊಲೆಗಾರನನ್ನು ಹಿಡಿಯದಿದ್ದರೆ ಅವತ್ತು ಅವರಿಗೆ ಊಟ ಸೇರುವುದಿಲ್ಲ. ಆ ಕಣ್ಣಿಗೇ ಕೇಡು ಬಂತು. ಕಣ್ಣಿನ ಒಳಪರದೆಯ ನಡುಭಾಗ ಸವೆಯುತ್ತಿದೆ ಎಂದರು ಡಾಕ್ಟರು. ಅಕ್ಕಪಕ್ಕದ್ದೆಲ್ಲ ಕಾಣುತ್ತದೆ, ನೇರಕ್ಕೆ ಇರುವುದೇ ಕಾಣುವುದಿಲ್ಲ.

"ಕನ್ನಡಕದಿಂದ ಇನ್ನು ಆಗಲ್ಲ" ಎಂದು ಡಾಕ್ಟರು ಚಿಕ್ಕಪ್ಪನ ಮುಖ ನೋಡಿಯೇ ಹೇಳಿದರು. "ಅಕ್ಷರ ದೊಡ್ಡದಾಗಬೇಕು, ಬೆಳಕು ಜಾಸ್ತಿ ಇರಬೇಕು. ಒಂದು ಟ್ಯಾಬ್ ಕೊಡಿಸಿ. ಪುಟದ ಫೋಟೋ ತೆಗೆದು ಬೆರಳಲ್ಲಿ ಹಿಗ್ಗಿಸಿಕೊಂಡು ಓದ್ತಾರೆ. ಆದ್ರೆ ಓದೋದನ್ನೆಲ್ಲ ಈಗಲೇ ಓದಿಬಿಡಲಿ. ಮುಂದೆ ಇಷ್ಟೂ ಕಾಣದೇ ಇರಬಹುದು."

ಚಿಕ್ಕಪ್ಪ ಆ ಸಂಜೆಯೇ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರು. ಬರಿಗೈಯಲ್ಲಿ ಬಂದರು. ಇನ್ನು ಸ್ವಲ್ಪ ದಿನಕ್ಕೆ ಹೊಸ ಮಾಡೆಲ್ ಬರುತ್ತದಂತೆ, ಅದರ ಪರದೆ ಇನ್ನೂ ಬೆಳಗುತ್ತದಂತೆ. "ಅವಳಿಗೆ ಕೊಡಿಸೋದಾದ್ರೆ ಒಳ್ಳೇದೇ ಕೊಡಿಸಬೇಕು" ಎಂದರು. ಮಾತೇನೋ ನ್ಯಾಯವಾಗಿಯೇ ಇತ್ತು. ಆ ಹೊಸದು ಬಂತು. ಅಷ್ಟರಲ್ಲಿ ಅದರ ಮುಂದಿನದರ ಸುದ್ದಿ ಬಂತು. ಅದು ಪುಟವನ್ನು ತಾನೇ ಗಟ್ಟಿಯಾಗಿ ಓದಿ ಹೇಳುತ್ತದಂತೆ. ಮತ್ತೆ ಕಾಯುವುದು. ಚಿಕ್ಕಪ್ಪ ಮೊಬೈಲಿನಲ್ಲಿ ಕಂಡಕಂಡವರ ವಿಡಿಯೋ ನೋಡಿ ನೋಡಿ ಟ್ಯಾಬ್ ಪಂಡಿತರಾದರು. ಬ್ಯಾಟರಿ, ಪ್ರೊಸೆಸರ್ ಎಂದು ಗಿರಾಕಿಗಳ ತಲೆ ತಿನ್ನತೊಡಗಿದರು. ಆ ಅಂಗಡಿಯ ಸೇಲ್ಸ್‌ಮನ್ನಂತೂ ಇವರನ್ನು ಕಂಡೊಡನೆ, "ಬನ್ನಿ ಸರ್, ಇವತ್ತೂ ಮುಟ್ಟಿ ನೋಡಿ ಹೋಗಿ" ಎನ್ನುವಷ್ಟು ಸಲಿಗೆ ಬೆಳೆಸಿಕೊಂಡ.

ಇತ್ತ ಚಿಕ್ಕಮ್ಮನ ಕಾದಂಬರಿ ಅರ್ಧಕ್ಕೇ ನಿಂತಿತ್ತು. ಸತ್ತವನು ಸತ್ತೇ ಇದ್ದ, ಕೊಂದವನು ಸಿಕ್ಕಿರಲಿಲ್ಲ. ನಾನು ಓದಿ ಹೇಳುತ್ತೇನೆಂದು ಕೂತೆ. ಒಂದು ಪುಟ ಕೇಳಿ, "ಸಾಕು ಕಣೇ, ನೀನು ಓದಿದ್ರೆ ಕೊಲೆನೂ ಬಿಲ್ಲಿನ ಹಾಗೆ ಕೇಳುತ್ತೆ" ಎಂದು ಪುಸ್ತಕ ಕಿತ್ತುಕೊಂಡರು. ಪುಟವನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು, ಓರೆ ಮಾಡಿದರು. ಕೊನೆಗೆ ಮಡಚಿ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಅದರ ರಟ್ಟು ಸವರುತ್ತ ಕೂತರು. ನನಗೆ ನೋಡಲಾಗಲಿಲ್ಲ.

"ಚಿಕ್ಕಪ್ಪ, ಈಗ ಇರೋದನ್ನೇ ತಂದುಬಿಡಿ" ಎಂದು ಗೋಗರೆದೆ. ಅವರು ಕಿವಿ ಮೇಲೆ ಹಾಕಿಕೊಂಡರೆ ತಾನೇ? ಅದರ ಬದಲು ಚಿಕ್ಕಮ್ಮನಿಗೆ ಒಂದಕ್ಕಿಂತ ಒಂದು ದಪ್ಪನೆಯ ಗಾಜಿನ ಕನ್ನಡಕ ಮಾಡಿಕೊಡುತ್ತಾ ಹೋದರು. ಹೊಸದು ತಯಾರಾದಾಗೆಲ್ಲ ಅಂಗಡಿಗೆ ಕರೆದು ಗೋಡೆಯ ಅಕ್ಷರದ ಹಲಗೆ ಓದಿಸುವರು. ಚಿಕ್ಕಮ್ಮ ಮೇಲಿನ ದೊಡ್ಡಕ್ಷರದಿಂದ ಕೆಳಗಿನ ಸಣ್ಣ ಸಾಲಿನವರೆಗೆ ಗಡಗಡ ಓದಿಬಿಡುವರು. "ನೋಡಿದ್ಯಾ? ಡಾಕ್ಟರಿಗೇನು ಗೊತ್ತು" ಎಂದು ಚಿಕ್ಕಪ್ಪ ಬೀಗುವರು. ಚಿಕ್ಕಮ್ಮ ಮನೆಗೆ ಹೋಗಿ ಅದೇ ಕನ್ನಡಕದಲ್ಲಿ ಟೀಯನ್ನು ಲೋಟದ ಪಕ್ಕಕ್ಕೆ ಬಗ್ಗಿಸುವರು.

ಆಗ ನನಗೆ ಹೊಳೆಯಿತು, ಈ ಕಾಯುವ ರೋಗದ ಬೇರು ಎಲ್ಲಿದೆ ಎಂದು. ಟ್ಯಾಬ್ ಮನೆಗೆ ಬಂದರೆ ಕನ್ನಡಕ ಸೋತಿತು ಎಂದು ಒಪ್ಪಿಕೊಂಡಂತೆ. ಬೀದಿಗೆಲ್ಲ ಕಣ್ಣು ಕೊಟ್ಟವರು ತಮ್ಮ ಹೆಂಡತಿಗೇ ಕೊಡಲಾಗದೆ ಹೆದರಿದ್ದರು. ಹೊಸ ಮಾಡೆಲ್ ಬರೀ ನೆಪ.

ಒಂದು ಬೆಳಿಗ್ಗೆ ಚಿಕ್ಕಮ್ಮ ಕರೆಯದೆಯೇ ಅಂಗಡಿಗೆ ಬಂದರು. ಕಂಕುಳಲ್ಲಿ ಆ ಅರ್ಧ ಓದಿದ ಕಾದಂಬರಿ. ಗಿರಾಕಿಗಳು ಕೂರುವ ಎತ್ತರದ ಸ್ಟೂಲಿನ ಮೇಲೆ ಕೂತು, ಗಿರಾಕಿಯ ದನಿಯಲ್ಲೇ ಕೇಳಿದರು.

"ರೀ, ನನ್ನ ಟ್ಯಾಬ್ ಯಾವಾಗ ಬರುತ್ತೆ?"

"ಇನ್ನೇನು ಬಂದುಬಿಡುತ್ತೆ ಕಣೇ. ಈ ಸಲದ್ದು ಬಹಳ ಚೆನ್ನಾಗಿದೆಯಂತೆ."

"ಆಗಲಿ, ಬರಲಿ. ನನಗೇನೂ ಅವಸರ ಇಲ್ಲ. ಅಲ್ಲಿವರೆಗೆ ಕೊಡೋದನ್ನ ಕೊಡಿ" ಎಂದು ಕೈ ಚಾಚಿದರು.

ಚಿಕ್ಕಪ್ಪ ಅಭ್ಯಾಸಬಲದಿಂದ ಬಗ್ಗಿ ತಗಡಿನ ಡಬ್ಬ ಎತ್ತಿಯೇ ಬಿಟ್ಟರು. ಅದರೊಳಗಿನ ಅತಿ ದಪ್ಪ ಗಾಜನ್ನು ಹುಡುಕಿ ಅವರ ಮೂಗಿಗೇರಿಸಿ, "ಹಲಗೆ ಓದು" ಎಂದರು.

"ಇವತ್ತು ಓದಲ್ಲ."

"ಮೊನ್ನೆ ಕೊನೇ ಸಾಲಿನ ತನಕ ಓದಿದೆಯಲ್ಲ?"

"ಓದಲಿಲ್ಲ, ಬಾಯಿಪಾಠ ಒಪ್ಪಿಸಿದೆ. ಮದುವೆಯಾಗಿ ಬಂದಾಗಿಂದ ಆ ಹಲಗೆ ಒರೆಸ್ತಿರೋಳು ನಾನೇ ಅಲ್ವಾ? ಕಾಣಲ್ಲ ಅಂದ್ರೆ ನಿಮ್ಮ ಮುಖ ಬಾಡುತ್ತೆ ಅಂತ ಒಪ್ಪಿಸ್ತಿದ್ದೆ." ಚಿಕ್ಕಮ್ಮ ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟರು. "ನಿಮ್ಮ ಕೆಲಸದಲ್ಲಿ ಏನೂ ತಪ್ಪಿಲ್ಲ. ನನ್ನ ಕಣ್ಣೇ ಹಾಳಾಗಿದೆ. ನನಗೆ ಓದಬೇಕು ರೀ. ಕೊಂದವನು ಯಾರು ಅಂತ ತಿಳ್ಕೋಬೇಕು."

ಚಿಕ್ಕಪ್ಪ ಆ ಕನ್ನಡಕವನ್ನು ತೆಗೆದುಕೊಂಡು ಬಟ್ಟೆಯಿಂದ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಕಣ್ಣು ತುಂಬಿದ್ದು ನನಗೆ ಕಂಡಿತು. ಆಮೇಲೆ ಚಪ್ಪಲಿ ಮೆಟ್ಟಿ, ಗಿರಾಕಿಗಳ ಸಮಯ ಎಂಬುದನ್ನೂ ನೋಡದೆ ಹೊರಟೇಬಿಟ್ಟರು. ಮಧ್ಯಾಹ್ನದೊಳಗೆ ಅಂಗಡಿಯಲ್ಲಿದ್ದ ಟ್ಯಾಬ್ ಬಂತು. ಹೊಸದೂ ಅಲ್ಲ, ತೀರಾ ಹಳೆಯದೂ ಅಲ್ಲ. ಹೆಂಡತಿಯ ಕೈಗೆ ಕೊಡುವ ಮುಂಚೆ ಉಗುರುಬಣ್ಣದ ಸೀಸೆ ತೆಗೆದು ಅದರ ಮೇಲಂಚಿಗೆ ಒಂದು ಕೆಂಪು ಚುಕ್ಕೆ ಇಟ್ಟರು.

"ಇದು ಅಲ್ಲಿವರೆಗೆ ಅಷ್ಟೆ. ಒಳ್ಳೇದು ಬಂದ ಮೇಲೆ ವಾಪಸ್ ಕೊಡಬೇಕು" ಎಂದು ಬಿಗುಮಾನ ತೋರಿದರು. ಸೋತರೂ ಮೀಸೆ ಮಣ್ಣಾಗಬಾರದಲ್ಲ.

ಕೊಲೆಗಾರ ಅದೇ ವಾರ ಸಿಕ್ಕಿಬಿದ್ದ. ತನಗೆ ಮೊದಲಿಂದಲೂ ತೋಟಗಾರನ ಮೇಲೇ ಅನುಮಾನವಿತ್ತು ಎಂದು ಚಿಕ್ಕಮ್ಮ ಸುಳ್ಳು ಹೇಳಿದರು. ಆಮೇಲೆ ಹಿಡಿಯುವವರೇ ಇಲ್ಲ. ಕಪಾಟಿನ ಪುಸ್ತಕಗಳ ಪುಟಪುಟವನ್ನೂ ನಾನು ಫೋಟೋ ತೆಗೆದುಕೊಡುವುದು, ಅವರು ಓದುವುದು. ಮೊದಮೊದಲು ಪರದೆಯಲ್ಲಿ ಅರ್ಧ ಪುಟ ಹಿಡಿಸುತ್ತಿತ್ತು. ಬರಬರುತ್ತ ನಾಲ್ಕು ಸಾಲು, ಆಮೇಲೆ ಒಂದೇ ಸಾಲು. ಅಕ್ಷರಗಳು ದಪ್ಪಗಾಗುತ್ತಲೇ ಇದ್ದವು.

ಕಾದಿದ್ದ ಆ ಹೊಸ ಮಾಡೆಲ್ ಕೊನೆಗೂ ಬಂತು. ಸೇಲ್ಸ್‌ಮನ್ನೇ ಫೋನ್ ಮಾಡಿ ಕರೆದ. ಚಿಕ್ಕಪ್ಪ ಹೋಗಿ ನೋಡಿ ಬರಿಗೈಯಲ್ಲಿ ಬಂದರು.

"ಯಾಕೆ, ತರಲಿಲ್ವಾ?" ಎಂದರು ಚಿಕ್ಕಮ್ಮ, ಪರದೆಯಿಂದ ತಲೆ ಎತ್ತದೆ.

"ಇದರ ಮೇಲೊಂದು ಬರುತ್ತಂತೆ. ಕಾಯೋಣ ಬಿಡು."

ನಾನು ನಕ್ಕುಬಿಟ್ಟೆ. ಚಿಕ್ಕಪ್ಪ ನನ್ನ ಕಡೆ ನೋಡದೆ ಹತ್ತಿಗೆ ಸ್ಪಿರಿಟ್ ಹಾಕಿಕೊಂಡು ಬಂದು ಹೆಂಡತಿಯ ಪಕ್ಕ ಕೂತರು. ಕೆಂಪು ಚುಕ್ಕೆ ಅಳಿಸುವುದಿತ್ತು. ಇನ್ನು ಅದನ್ನು ವಾಪಸ್ ಕೊಡಬೇಕಾಗಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಅವರ ಜಾಯಮಾನವಲ್ಲ.

ಚಿಕ್ಕಮ್ಮ ಅವರ ಕೈ ಹಿಡಿದರು. "ಒರೆಸಬೇಡಿ. ಈಗ ಯಾವ ಕಡೆ ಮೇಲು ಅಂತ ನನಗೆ ಗೊತ್ತಾಗೋದು ಆ ಚುಕ್ಕೆಯಿಂದಲೇ."

ಚಿಕ್ಕಪ್ಪ ಹತ್ತಿಯನ್ನು ಬದಿಗಿಟ್ಟರು. ಮರುದಿನ ಅಂಗಡಿಯಿಂದ ಉಗುರುಬಣ್ಣ ತಂದು ಆ ಚುಕ್ಕೆಯನ್ನು ಇನ್ನಷ್ಟು ದೊಡ್ಡದು ಮಾಡಿದರು.