ಪುಟ್ಟಸ್ವಾಮಿಗೆ ಕಲಿಸದೆ ಇಟ್ಟ ಕೆಲಸ

ಕೋವಿಡ್ ತಗ್ಗಿದ ಮರುವರ್ಷ. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಸುತ್ತಿನ ಹಳ್ಳಿಗಳಿಗೆ ನಾನು ಪಶುವೈದ್ಯೆ. ಅಲ್ಲಿಗೆ ಹೋದ ಹೊಸದರಲ್ಲಿ, ಹೆಂಗಸು ಏನು ಕರು ಎಳೆದಾಳು ಎಂದು ಜನ ಮುಖ ಮುಖ ನೋಡಿಕೊಂಡಿದ್ದರು. ಅದಕ್ಕೇ ನನಗೆ ಹಟ. ಎಂಟು ವರ್ಷ ಯಾವ ಕಷ್ಟದ ಹೆರಿಗೆಯನ್ನೂ ಬೇರೆಯವರ ಕೈಗೆ ಬಿಡಲಿಲ್ಲ. ಸಾಂದರ್ಭಿಕ ರಜೆ ವರ್ಷವರ್ಷವೂ ಬಳಸದೆಯೇ ಕಳೆದುಹೋಗುತ್ತಿತ್ತು. ಊಟಕ್ಕೆ ಕೂತರೂ ಒಂದು ಕಣ್ಣು ಫೋನಿನ ಮೇಲೆ.

ಆ ಸೋಮವಾರ ಹನ್ನೊಂದು ಗಂಟೆಗೆ ಮೈಸೂರಿನಲ್ಲಿ ನನ್ನ ಗಂಡ ಪ್ರಕಾಶನಿಗೆ ಹರ್ನಿಯಾ ಆಪರೇಷನ್. ನಾನೇ ಕಾರು ಓಡಿಸುತ್ತಿದ್ದೆ. ಬಿಳಿಕೆರೆ ಹತ್ತಿರ ನನ್ನ ಸಹಾಯಕ ಪುಟ್ಟಸ್ವಾಮಿಯ ಫೋನು ಬಂತು.

"ಮೇಡಂ, ಜಯಮ್ಮನ ಹಸ. ಮುಂಗಾಲು ಎರಡೂ ಕಾಣ್ತಾವೆ, ತಲೆ ಸಿಕ್ತಿಲ್ಲ."

ಕರುವಿನ ತಲೆ ಒಳಗೇ ಪಕ್ಕಕ್ಕೆ ಮಡಚಿಕೊಂಡಿದೆ ಎಂದರ್ಥ. ಇಂಥ ತೊಡಕಿನ ಹೆರಿಗೆಗೆ ನಾವು ಡಿಸ್ಟೋಕಿಯಾ ಎನ್ನುತ್ತೇವೆ. ಹಾಗೇ ಕಾಲು ಹಿಡಿದು ಎಳೆದರೆ ಕರು ಸಾಯುತ್ತದೆ, ಹಸುವೂ ಉಳಿಯದಿರಬಹುದು. ಜಯಮ್ಮನಿಗಿದ್ದದ್ದು ಅದೊಂದೇ ಹಸು.

ರಸ್ತೆ ಬದಿಗೆ ಕಾರು ನಿಲ್ಲಿಸಿ ಪಕ್ಕದ ಸೀಟಿನತ್ತ ತಿರುಗಿದೆ. ಪ್ರಕಾಶ ಆಗಲೇ ಹಿಂದಿನ ಸೀಟಿನಿಂದ ತನ್ನ ಬ್ಯಾಗು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ಇಲ್ಲೇ ಬಸ್ ಹತ್ತೀನಿ. ಸೈನ್ ಹಾಕೋಕೆ ತಂಗೀನ ಕರೀತೀನಿ. ನೀನು ಹೊರಡು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನನ್ನಿಂದ ಏನನ್ನೂ ಕೇಳುವುದನ್ನು ಅವನು ಯಾವಾಗಲೋ ಬಿಟ್ಟಿದ್ದ. ನನಗೆ ವಿಪರೀತ ನಾಚಿಕೆಯಾಯಿತು.

"ಪುಟ್ಟಸ್ವಾಮಿ, ನೀವೇ ಕೈ ಹಾಕಿ," ಎಂದೆ ಫೋನಿನಲ್ಲಿ.

"ನಾನಾ? ನೀವು ಯಾವತ್ತೂ ಬುಟ್ಟೇ ಇಲ್ವಲ್ಲ ಮೇಡಂ."

"ಈಗ ಬಿಟ್ಟಿದ್ದೀನಿ. ಹಸು ತಿಣುಕೋದು ನಿಂತಾಗ ಕರುವನ್ನ ಮೆಲ್ಲಗೆ ಒಳಕ್ಕೆ ತಳ್ಳಿ, ಜಾಗ ಸಿಗುತ್ತೆ. ಆಮೇಲೆ ಮೂತಿ ಹಿಡಿದು ತಲೆ ನೇರ ಮಾಡಿ."

ಹತ್ತು ನಿಮಿಷ ಹೇಳಿಕೊಟ್ಟು, ಮೈಸೂರಿನ ಕಡೆಗೇ ಕಾರು ಬಿಟ್ಟೆ.

ಆಸ್ಪತ್ರೆಯಲ್ಲಿ ಸಹಿ ಹಾಕಿದೆ. ಪ್ರಕಾಶನನ್ನು ಒಳಗೆ ಕರೆದೊಯ್ದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎರಡು ಸಲ ಕೆಳಗಿಳಿದು ಕಾರಿನ ತನಕ ಹೋದೆ. ಒಮ್ಮೆಯಂತೂ ಒಳಗೆ ಕೂತು ಕೀಲಿ ತಿರುಗಿಸಿಯೂ ಆಗಿತ್ತು. ಕರು ಸತ್ತರೆ ಜಯಮ್ಮನಿಗೆ ಹೇಗೆ ಮುಖ ತೋರಿಸಲಿ? ಪುಟ್ಟಸ್ವಾಮಿಯ ಫೋನು ರಿಂಗಾಗುತ್ತಿತ್ತು, ಎತ್ತುವವರಿರಲಿಲ್ಲ.

ಹನ್ನೆರಡೂವರೆಗೆ ಜಯಮ್ಮನೇ ಫೋನ್ ಮಾಡಿದರು. "ಎಣ್ಣು ಕರ ಕಣ್ರವ್ವ. ಎದ್ದು ಹಾಲು ಕುಡೀತಾ ಅದೆ. ಪುಟ್ಟಸ್ವಾಮಿ ಚೆಂದಾಗಿ ಮಾಡ್ದ. ನೀವು ಓಡ್ಬರೋ ಅಂಗೇನೂ ಇರ್ನಿಲ್ಲ ಬುಡಿ."

ಸಂತೋಷದ ಜೊತೆಗೇ ಒಳಗೆಲ್ಲೋ ಚುರ್ ಎಂದಿತು. ಹೇಳಿಕೊಳ್ಳಲು ಈಗಲೂ ಮುಜುಗರ, ಅದು ಹೊಟ್ಟೆಕಿಚ್ಚು. ನಾನಿಲ್ಲದೆಯೂ ಆಯಿತಲ್ಲ!

ಸಂಜೆ ಪ್ರಕಾಶನಿಗೆ ಹೇಳಿದೆ. ಹೊಲಿಗೆ ಒತ್ತಿ ಹಿಡಿದು ನಕ್ಕ. "ಇಷ್ಟು ವರ್ಷ ನಿಂಗೆ ರಜೆ ಕೊಡ್ದೆ ಇದ್ದೋರು ಯಾರು ಅಂತ ಗೊತ್ತಾಯ್ತಾ?"

ಕೆಲಸವನ್ನು ಯಾರಿಗೂ ಕಲಿಸದೆ ಬಚ್ಚಿಟ್ಟುಕೊಂಡವಳಿಗೆ ಬಿಡುವು ಎಲ್ಲಿಂದ ಬರಬೇಕು? ಮುಂದಿನ ತಿಂಗಳು ಅಂಥದೇ ಹೆರಿಗೆ ಬಂದಾಗ ಪುಟ್ಟಸ್ವಾಮಿಯನ್ನು ಮುಂದೆ ಬಿಟ್ಟು, ನಾನು ಬಿಸಿನೀರಿನ ಬಕೆಟ್ ಹಿಡಿದು ನಿಂತೆ. ಬಾಯಿ ಮುಚ್ಚಿಕೊಂಡು ನಿಲ್ಲುವುದು ಕರು ಎಳೆಯುವುದಕ್ಕಿಂತ ಕಷ್ಟವಾಗಿತ್ತು. ಭಾನುವಾರದ ಕರೆಗಳೆಲ್ಲ ಈಗ ಅವರಿಗೇ ಹೋಗುತ್ತವೆ. ಆದರೂ ಬೆಳಿಗ್ಗೆ ಹತ್ತಾಯಿತೆಂದರೆ ನನ್ನ ಕೈ ಫೋನು ತಡಕುತ್ತದೆ. ತಡಕಲಿ ಎಂದು ಬಿಟ್ಟಿದ್ದೇನೆ.