ಸಿನ್ನರಿನ ಶೆಡ್ಡಿನಲ್ಲಿ ಅಂಟಿನ ಪರೀಕ್ಷೆ

ಆ ವಿಮಾನ ಎಂದಿಗೂ ಹಾರದು ಎಂದವನು ನಾನೇ, ಬೀದರಿನ ನಮ್ಮ ಮನೆತನದ ಮೊದಲ ಪದವೀಧರ; ಪದವಿಪತ್ರ ಇಂದಿಗೂ ಮನೆಯ ಗೋಡೆಯ ಮೇಲಿದೆ. ನಾಸಿಕ್ ರೋಡಿನಲ್ಲಿ ರೈಲಿಳಿದು ಸಿನ್ನರಿಗೆ ಬಂದರೆ, ಏಳನೇ ಇಯತ್ತೆ ಓದಿದ ಚಿಕ್ಕಮ್ಮನ ಮಗ ಶಿವರಾಜ ಕಟ್ಟಿಗೆ, ಬಟ್ಟೆ, ಅಂಟಿನಿಂದ ಒಬ್ಬರೇ ಕೂರುವ ವಿಮಾನ ಕಟ್ಟಿ ಶೆಡ್ಡಿನಲ್ಲಿ ನಿಲ್ಲಿಸಿದ್ದ. ಅಂಟನ್ನು ನಂಬದೆ ಉಗುರಿನಿಂದ ಕೆರೆದು ನೋಡಿದೆ.

ವಿಮಾನ ಇಲಾಖೆಯಿಂದ ತಪಾಸಣೆಗೆ ಬಂದ ಸಾಹೇಬರಿಗೂ ನನ್ನಷ್ಟೇ ಸಂಶಯ. ರೆಕ್ಕೆಗೆ ಹಾಕಿದ ಅಂಟಿನಿಂದಲೇ ಜೋಡಿಸಿಟ್ಟಿದ್ದ ಕಟ್ಟಿಗೆಯ ಮಾದರಿ ತುಂಡಿಗೆ ಸುತ್ತಿಗೆಯಿಂದ ಹೊಡೆದರು. ಲಟಕ್ಕನೆ ಮುರಿಯಿತು.

“ನಾ ಹೇಳಿದ್ದಿಲ್ಲೇನು?” ಎಂದೆ.

ಸಾಹೇಬರು ತುಂಡನ್ನು ತಿರುಗಿಸಿ ನೋಡಿದರು. ಮುರಿದದ್ದು ಕಟ್ಟಿಗೆ, ಅಂಟು ಬಿಟ್ಟಿರಲಿಲ್ಲ. ಹಾಗೆ ಮುರಿದರೇ ಪಾಸು ಎಂದರು.

ಹಾರಾಟದ ಸರ್ಟಿಫಿಕೇಟು ಶಿವರಾಜನ ಕೈ ಸೇರಿತು. ಚಿಕ್ಕಮ್ಮ ನನ್ನನ್ನೇ ನೋಡುತ್ತ ಅವನಿಗೆ ಹೇಳಿದಳು: “ನಿಮ್ಮಣ್ಣನಂಗ ಇದಕ್ಕ ಗಾಜು ಹಾಕಿಸಿ ಗ್ವಾಡಿಗಿ ತೂಗಬ್ಯಾಡಪಾ. ಹಾರು.”